ನಿಮ್ಮ ಮನೆಯ ಸೂರಿನ ನೀರು ಎಲ್ಲಿಗೆ ಹೋಗುತ್ತದೆ?

ಪ್ರಶ್ನೆ: ಮೂರು ವರ್ಷದ ಹಿಂದೆ ಬೆಂಗಳೂರು ಬಿಟ್ಟು ಕೊಡಗಿನ ಸಿದ್ದಾಪುರದ ಹತ್ತಿರ ಯಜಮಾನರ ಊರಿಗೆ ಬಂದೆವು. ಐದೆಕರೆ ರೋಬಸ್ಟಾ ಕಾಫಿ ತೋಟ, ಕೆಳಗೆ ಪಾಳುಬಿದ್ದ ಒಂದು ತುಂಡು ಗದ್ದೆ. ಮಗಳಿಗೆ ಹನ್ನೊಂದು, ಮಗನಿಗೆ ಆರು. ಪ್ರಕೃತಿಗೆ ಹತ್ತಿರವಾಗಿ ಬದುಕೋಣವೆಂದೇ ಬಂದದ್ದು. ಬಿದಿರಿನ ಬ್ರಷ್, ಬಟ್ಟೆ ಚೀಲ, ಕಾಂಪೋಸ್ಟ್ ಡಬ್ಬ ಎಲ್ಲ ತಂದೆವು. ಡಬ್ಬ ಮೊದಲ ಮಳೆಗಾಲದಲ್ಲೇ ನಾರಿತು. ಪರಿಸರ ದಿನಕ್ಕೆ ನೆಟ್ಟ ಗಿಡ ಒಣಗಿತು. ಪ್ಲಾಸ್ಟಿಕ್ ಕೊನೆಗೆ ಒಲೆಗೇ ಹೋಗುತ್ತಿದೆ. ಮಕ್ಕಳ ಕೈಯಲ್ಲಿ ಬೆಂಗಳೂರಿನಲ್ಲಿದ್ದಷ್ಟೇ ಹೊತ್ತು ಮೊಬೈಲ್. 'ನಾವು ಮೊದಲಿನಿಂದ ಹೀಗೇ ಬದುಕಿದವರು, ಇದರಲ್ಲಿ ಹೊಸದೇನಿದೆ' ಎನ್ನುತ್ತಾರೆ ಅತ್ತೆ. ಮನೆಮಂದಿಯೆಲ್ಲ ಸೇರಿ ಮಾಡುವಂಥದ್ದನ್ನು ಎಲ್ಲಿಂದ ಶುರು ಮಾಡಲಿ?

ಉತ್ತರ: ಬೆಂಗಳೂರಿನಲ್ಲಿ ನಿಮ್ಮ ಮನೆಗೆ ಕಾವೇರಿ ನೀರು ಬರುತ್ತಿತ್ತೇ? ಬರುತ್ತಿದ್ದರೆ ಮಕ್ಕಳನ್ನು ಕೂರಿಸಿಕೊಂಡು ಅದೊಂದು ಕಥೆ ಹೇಳಿ. ಆ ನೀರು ಬೆಂಗಳೂರಿಗೆ ಬರುವುದು ಸುಮಾರು 100 ಕಿ.ಮೀ. ದೂರದ ತೊರೆಕಾಡನಹಳ್ಳಿಯಿಂದ, ಪಂಪು ಮಾಡಿ, ಎತ್ತರಕ್ಕೆ ಏರಿಸಿ. ಅಲ್ಲಿಗೆ ಮುಂಚೆ ಅದು ಕೃಷ್ಣರಾಜಸಾಗರದಲ್ಲಿ ನಿಂತಿತ್ತು. ಅದಕ್ಕೂ ಮುಂಚೆ ಕುಶಾಲನಗರ, ದುಬಾರೆ ದಾಟಿತ್ತು. ಇನ್ನೂ ಹಿಂದಕ್ಕೆ ಹೋದರೆ ನೆಲ್ಯಹುದಿಕೇರಿ, ಗುಹ್ಯ, ಕರಡಿಗೋಡು. ಅಂದರೆ ನಿಮ್ಮ ಈಗಿನ ಮನೆಯ ಬುಡ. ಮಗಳು ಹುಟ್ಟಿದಾಗಿನಿಂದ ಕುಡಿದದ್ದು ಅಜ್ಜಿಯ ಊರಿನ ನೀರು. ಇಷ್ಟು ತಿಳಿದ ಮಗುವಿಗೆ 'ಪರಿಸರ ಉಳಿಸು' ಎಂಬ ಪಾಠ ಬೇರೆ ಬೇಕಿಲ್ಲ.

ಹಾಗಾಗಿ ನನ್ನ ಸಲಹೆ ಒಂದೇ: ನೀರಿನಿಂದ ಶುರು ಮಾಡಿ. ಬ್ರಷ್ಷು, ಚೀಲಗಳ ವಿಚಾರ ಪಕ್ಕಕ್ಕಿರಲಿ. ಕೊಡಗಿನಲ್ಲಿ ಮೂರು ದಶಕ ಬೆಳೆಗಾರರ ಜೊತೆ, ಮಕ್ಕಳ ಜೊತೆ ತೋಟ ಸುತ್ತಿದವನಾಗಿ ಹೇಳುತ್ತೇನೆ, ಇಲ್ಲಿ ಕಸ, ಮರ, ಗದ್ದೆ, ಔಷಧಿ, ಯಾವುದನ್ನೇ ಹಿಡಿದು ಎಳೆದರೂ ಕೊನೆಗೆ ಕೈಗೆ ಸಿಗುವುದು ನೀರೇ.

ಒಂದು ಭಾನುವಾರ ಬೆಳಿಗ್ಗೆ ಬಿಸಿಲೇರಿದ ಮೇಲೆ ಎಲ್ಲರೂ ಹೊರಡಿ. ಅತ್ತೆಯವರನ್ನು ಬಿಟ್ಟು ಹೋಗಬೇಡಿ. ಸೂರಿನಿಂದ ಬಿದ್ದ ನೀರು ಅಂಗಳದಿಂದ ಎತ್ತ ಇಳಿಯುತ್ತದೆ? ಯಾವ ಚರಂಡಿ, ಯಾವ ತೋಡು, ತೋಡು ಯಾವ ಗದ್ದೆಗೆ ಸೇರುತ್ತದೆ, ಗದ್ದೆಯಿಂದ ಹೊಳೆಗೆ ದಾರಿ ಎಲ್ಲಿದೆ? ಮಗಳು ನಕ್ಷೆ ಬರೆಯಲಿ. ಮೊದಲು ಒರತೆ ಇದ್ದದ್ದೆಲ್ಲಿ, ಬೇಸಿಗೆಯಲ್ಲೂ ಬತ್ತದ ಗುಂಡಿ ಯಾವುದು, ಏಡಿ ಹಿಡಿಯುತ್ತಿದ್ದ ಜಾಗ ಯಾವುದು ಎಂದು ಅಜ್ಜಿ ತೋರಿಸಲಿ. ತೋಟದ ಲೈನ್ ಮನೆಯಲ್ಲಿ ಹಳಬರಾದ ಕೆಲಸದವರಿದ್ದರೆ ಅವರನ್ನೂ ಕರೆಯಿರಿ. ಯಾವ ಗೆಡ್ಡೆ ತಿನ್ನಬಹುದು, ಯಾವ ಅಣಬೆ ಮುಟ್ಟಬಾರದು ಎಂಬ ವಿಷಯದಲ್ಲಿ ನಾನು ಪುಸ್ತಕದಿಂದ ಕಲಿತದ್ದಕ್ಕಿಂತ ಯರವ, ಕುರುಬ ಆದಿವಾಸಿಗಳ ಹಿರಿಯರಿಂದ ಕಲಿತದ್ದೇ ಹೆಚ್ಚು. ಅವರನ್ನು ದಾರಿ ತೋರಿಸಲು ಕರೆದು ಹಿಂದೆ ನಿಲ್ಲಿಸಬೇಡಿ. ಗುರುಗಳ ಜೊತೆ ನಡೆದ ಹಾಗೆ ನಡೆಯಿರಿ, ಅವರ ಮಕ್ಕಳೂ ನಿಮ್ಮ ಮಕ್ಕಳ ಜೊತೆ ಬರಲಿ.

ಸಿದ್ದಾಪುರದ ಕಡೆಯವರಾದ್ದರಿಂದ ಆನೆಯ ಮಾತು ಇಲ್ಲೇ ಹೇಳಿಬಿಡುತ್ತೇನೆ. ನಿಮ್ಮಲ್ಲಿ ಆನೆ ಕಾಡಿನಿಂದ ಬಂದು ಹೋಗುವ ನೆಂಟನಲ್ಲ, ತೋಟದಲ್ಲೇ ಬೀಡುಬಿಟ್ಟಿರುತ್ತದೆ. ಮುಂಜಾನೆ ಮಬ್ಬಿನಲ್ಲಿ, ಸಂಜೆ ಐದರ ನಂತರ ಮಕ್ಕಳ ನಡಿಗೆ ಬೇಡ. ಹಲಸು ಹಣ್ಣಾಗುವ ಮೇ, ಜೂನ್‌ನಲ್ಲಿ ಇನ್ನಷ್ಟು ಎಚ್ಚರ. ಹೊರಡುವ ಮುಂಚೆ ಕೆಲಸದವರನ್ನು, ನೆರೆಯವರನ್ನು ಕೇಳಿಕೊಳ್ಳಿ. ಹಸಿ ಲದ್ದಿ ಕಂಡರೆ, ಮುರಿದ ಬೈನೆ ಮರ ಕಂಡರೆ ಮಾತಿಲ್ಲದೆ ಹಿಂತಿರುಗಿ. ಹಿಂತಿರುಗುವುದೂ ಮಕ್ಕಳು ಕಲಿಯಬೇಕಾದ ಪಾಠವೇ: ಈ ನೆಲ ನಮ್ಮೊಬ್ಬರದಲ್ಲ ಎಂಬುದು ಆ ಕ್ಷಣದಲ್ಲಿ ಅರ್ಥವಾದಷ್ಟು ಇನ್ಯಾವಾಗಲೂ ಆಗುವುದಿಲ್ಲ.

ಎರಡನೆಯ ಕೆಲಸ, ಮಳೆ ಲೆಕ್ಕ. ಕೊಡಗಿನಲ್ಲಿ ಮಳೆ ಬಿದ್ದ ಮರುದಿನ ಫೋನೆತ್ತಿದರೆ ಮೊದಲು ಕೇಳುವುದು 'ನಿಮ್ಮಲ್ಲಿ ಎಷ್ಟು ಸೆಂಟು?' ಎಂದೇ ಅಲ್ಲವೇ? ನೂರು ಸೆಂಟಿಗೆ ಒಂದು ಇಂಚು. ಎಷ್ಟೋ ತೋಟಗಳಲ್ಲಿ ಅಜ್ಜನ ಕಾಲದಿಂದ ಬರೆದಿಟ್ಟ ಮಳೆ ಪುಸ್ತಕಗಳಿವೆ. ನಿಮ್ಮ ಮಾವನವರ ಕಾಲದ್ದು ಅಟ್ಟದ ಮೇಲೆ ಇದ್ದೀತು, ಹುಡುಕಿ. ಮಾಪಕ ಕೊಳ್ಳಬೇಕೆಂದಿಲ್ಲ. ಬುಡದಿಂದ ಬಾಯಿಯವರೆಗೆ ಒಂದೇ ಅಗಲವಿರುವ, ತಳ ಸಮತಟ್ಟಾದ ಡಬ್ಬವನ್ನು ಮರ, ಸೂರುಗಳಿಂದ ದೂರ ಬಯಲಲ್ಲಿ ಇಟ್ಟು, ದಿನಾ ಬೆಳಿಗ್ಗೆ ಎಂಟೂವರೆಗೆ ಇಂಚಿನ ಅಳತೆಪಟ್ಟಿ ಇಳಿಸಿ ನೋಡಿದರೆ ಸಾಕು. ಓದುವುದು ಮಗನ ಕೆಲಸ, ಬರೆಯುವುದು ಮಗಳ ಕೆಲಸ.

ಬರೆದ ಮೇಲೆ ಲೆಕ್ಕ ಹಾಕಿಸಿ. ಸಾವಿರ ಚದರಡಿ ಸೂರಿನ ಮೇಲೆ ಒಂದು ಇಂಚು ಮಳೆ ಬಿದ್ದರೆ ಸುಮಾರು 2,360 ಲೀಟರ್ ನೀರು. ವರ್ಷಕ್ಕೆ 70 ಇಂಚು ಎಂದಿಟ್ಟುಕೊಂಡರೂ 1,65,000 ಲೀಟರ್. ಐದು ಮಂದಿಯ ಮನೆಗೆ ದಿನಕ್ಕೆ 700 ಲೀಟರ್ ಬೇಕೆಂದರೆ ಹೆಚ್ಚುಕಡಿಮೆ ಎಂಟು ತಿಂಗಳಿಗೆ ಸಾಲುವಷ್ಟು ನೀರು ಸೂರಿನಿಂದ ಇಳಿದು ಹೋಯಿತು. ಅದರಲ್ಲಿ ಒಂದು ಪಾಲನ್ನಾದರೂ ಟ್ಯಾಂಕಿಗೆ ಹಿಡಿಯಿರಿ. ಬಟ್ಟೆ, ಪಾತ್ರೆ, ದನದ ಕೊಟ್ಟಿಗೆಗೆ ಮಳೆಗಾಲವಿಡೀ ಮೋಟರ್ ಹಾಕುವುದು ತಪ್ಪುತ್ತದೆ.

ಆದರೆ ನಿಮ್ಮ ಮನೆಯ ನೀರಿನ ದೊಡ್ಡ ಲೆಕ್ಕ ಇರುವುದು ನಲ್ಲಿಯಲ್ಲಲ್ಲ, ಸ್ಪ್ರಿಂಕ್ಲರಿನಲ್ಲಿ. ಕಾಫಿಯ ಹೂ ಅರಳಿಸುವ ಹೂ ಮಳೆ ಬಾರದಿದ್ದರೆ ಫೆಬ್ರವರಿ, ಮಾರ್ಚ್‌ನಲ್ಲಿ ರೋಬಸ್ಟಾಕ್ಕೆ ನೀರು ಹಾಯಿಸುತ್ತೀರಿ. ಒಂದು ಎಕರೆಗೆ ಒಂದು ಇಂಚು ನೀರು ಎಂದರೆ ಲಕ್ಷ ಲೀಟರ್ ದಾಟುತ್ತದೆ. ಐದೆಕರೆಗೆ ಐದು ಲಕ್ಷ. ಮೇಲೆ ಹೇಳಿದ ಸೂರಿನ ಮೂರು ವರ್ಷದ ನೀರು ಒಂದೇ ಸುತ್ತಿನಲ್ಲಿ ಮುಗಿಯಿತು. ಹಲ್ಲುಜ್ಜುವಾಗ ನಲ್ಲಿ ನಿಲ್ಲಿಸು ಎಂದು ಮಗನಿಗೆ ಹೇಳಿ, ಅದೇ ವಾರ ಬತ್ತುತ್ತಿರುವ ಹೊಳೆಗೆ ರಾತ್ರಿಯಿಡೀ ಮೋಟರ್ ಇಟ್ಟರೆ ಮಕ್ಕಳು ಯಾವುದನ್ನು ನಂಬಬೇಕು? ತೋಟಕ್ಕೆ ನೀರು ಹಾಯಿಸಬೇಡಿ ಎನ್ನುತ್ತಿಲ್ಲ, ಅದು ನಿಮ್ಮ ಅನ್ನ. ಹೊಳೆಯ ಬದಲು ತಗ್ಗಿನಲ್ಲಿರುವ ನಿಮ್ಮದೇ ಕೆರೆಯ ಹೂಳು ತೆಗೆದು, ಮಳೆಗಾಲದಲ್ಲಿ ತುಂಬಿಸಿಕೊಂಡು ಅದರಿಂದ ಹಾಯಿಸಿ ಎನ್ನುತ್ತೇನೆ. ನೆರಳು ಚೆನ್ನಾಗಿದ್ದು, ಬುಡದಲ್ಲಿ ತರಗು ದಪ್ಪಗಿದ್ದರೆ ಹಾಯಿಸಿದ ನೀರು ಬೇಗ ಆರುವುದಿಲ್ಲ ಎಂಬುದನ್ನು ಯಜಮಾನರಿಗೆ ನಾನು ಹೇಳಬೇಕಾಗಿಲ್ಲ.

ನೆರಳಿನ ಮಾತು ಬಂದದ್ದರಿಂದ ಗಿಡದ ವಿಷಯ. ಜೂನ್ 5ಕ್ಕೆ ನೆಟ್ಟದ್ದು ತಪ್ಪಲ್ಲ, ನಮ್ಮಲ್ಲಿ ಅದು ಮಳೆ ಹಿಡಿಯುವ ಹೊತ್ತೇ. ಗಿಡ ಸಾಯುವುದು ಮುಂದಿನ ಫೆಬ್ರವರಿಯಲ್ಲಿ, ಯಾರೂ ಅತ್ತ ನೋಡದಿರುವಾಗ. ಈ ಸಲ ಒಂದೇ ಒಂದು ನೆಡಿ, ಅತ್ತಿಯನ್ನೋ ಬಸರಿಯನ್ನೋ ನೇರಳೆಯನ್ನೋ. ಎರಡು ಬೇಸಿಗೆ ಅದಕ್ಕೆ ಬುಡದಲ್ಲಿ ತರಗು ಹೊದಿಸಿ ವಾರಕ್ಕೊಂದು ಕೊಡ ನೀರು ಹಾಕುವ ಹೊಣೆ ಮಗಳದ್ದು. ಸಿಲ್ವರ್ ಓಕ್ ನೇರ ಬೆಳೆಯುತ್ತದೆ, ಮೆಣಸು ಹಬ್ಬಿಸಲು ಅನುಕೂಲ, ಕಡಿದು ಮಾರಲೂ ಸುಲಭ. ಬೆಳೆಗಾರರು ಅದನ್ನು ಇಷ್ಟಪಡುವುದು ಏಕೆಂದು ನನಗೆ ಗೊತ್ತು. ಆದರೆ ಆಸ್ಟ್ರೇಲಿಯಾದಿಂದ ಬಂದ ಆ ಮರದಲ್ಲಿ ಮಂಗಟ್ಟೆ ಹಕ್ಕಿಗೆ ಹಣ್ಣಿಲ್ಲ. ಒಂದು ಅತ್ತಿ ಹಣ್ಣುಬಿಟ್ಟಾಗ ಅದರ ಕೆಳಗೆ ಒಂದು ಗಂಟೆ ಕೂತು ನೋಡಿ: ಕುಟ್ರು ಹಕ್ಕಿ, ಮಂಗಟ್ಟೆ, ಕೆಂಜಳಿಲು ಬರುತ್ತವೆ, ಇರುಳಾದರೆ ಬಾವಲಿ, ಕಬ್ಬೆಕ್ಕು. ಈಗಿರುವ ಸಿಲ್ವರ್ ಓಕನ್ನು ಕಡಿಯಬೇಕೆಂದಿಲ್ಲ. ಸತ್ತ, ಬಿದ್ದ ಮರದ ಜಾಗಕ್ಕೆ ಊರಿನ ಮರ ಬರಲಿ. ಮರಗಸಿ (ನೆರಳು ಮರಗಳ ಕೊಂಬೆ ಸವರುವುದು) ಮಾಡಿಸುವಾಗ ಹಣ್ಣಿನ ಮರದ ಕೊಂಬೆಗಳ ಮೇಲೆ ಸ್ವಲ್ಪ ಕೈ ಹಿಡಿದರೂ ಆಯಿತು.

ಇಳಿಜಾರಿನ ಬಗ್ಗೆ ಒಂದು ಎಚ್ಚರಿಕೆಯನ್ನು ಬಿಡಿಸಿ ಹೇಳಲೇಬೇಕು. ಇಂಗುಗುಂಡಿ ತೋಡಿ ಎಂಬ ಸಲಹೆ ಎಲ್ಲೆಡೆ ಕೇಳಿರುತ್ತೀರಿ. ಬಯಲುಸೀಮೆಗೆ ಅದು ಚಿನ್ನದಂಥ ಮಾತು. ಕೊಡಗಿನ ಕಡಿದಾದ ಬರೆಯಲ್ಲಿ, ಅಂದರೆ ಗುಡ್ಡದ ಇಳಿಜಾರಿನಲ್ಲಿ, ಹಾಗಲ್ಲ. ನಾನೇ ಹಲವು ವರ್ಷಗಳ ಹಿಂದೆ ಒಬ್ಬ ಬೆಳೆಗಾರರಿಗೆ ಮನೆಯ ಮೇಲಿನ ಗುಡ್ಡದಲ್ಲಿ ದೊಡ್ಡ ಗುಂಡಿಗಳನ್ನು ತೋಡಿಸಿದ್ದೆ. ಎರಡನೆಯ ಮಳೆಗಾಲದಲ್ಲಿ ಗುಂಡಿಗಳ ಕೆಳಗೆ ಮಣ್ಣು ಬಾಯಿಬಿಟ್ಟು, ಅಂಗಳದವರೆಗೆ ಕುಸಿಯಿತು. ಮನೆಗೆ ಏನೂ ಆಗಲಿಲ್ಲ, ಆದರೆ ಆ ಮನೆಯ ಮಕ್ಕಳ ಮುಖ ನನಗೆ ಇಂದಿಗೂ ನೆನಪಿದೆ. ಆಮೇಲೆ 2018ರ ಆಗಸ್ಟ್ ಬಂತು. ಜೋಡುಪಾಲ, ಮಕ್ಕಂದೂರು, ಮುಕ್ಕೋಡ್ಲುಗಳಲ್ಲಿ ಗುಡ್ಡಗಳೇ ಇಳಿದವು. 2019ರಲ್ಲಿ ತೋರ, 2020ರಲ್ಲಿ ತಲಕಾವೇರಿಯ ಬ್ರಹ್ಮಗಿರಿ. ಅತಿಯಾದ ಮಳೆ ಒಂದು ಕಾರಣವಾದರೆ, ಮನೆಗೆ, ರಸ್ತೆಗೆಂದು ಬರೆ ಕಡಿದು ನೀರಿನ ಸಹಜ ದಾರಿ ಮುಚ್ಚಿದ್ದು ಇನ್ನೊಂದು. ಆದ್ದರಿಂದ ಕಡಿದಾದ ಕಡೆ ದೊಡ್ಡ ಗುಂಡಿಯೂ ಬೇಡ, ಕೆರೆಯೂ ಬೇಡ, ಜೆಸಿಬಿಯೂ ಬೇಡ. ಹಳೆಯ ಕಾಫಿ ತೋಟಗಳ ತೊಟ್ಟಿಲು ಗುಂಡಿಯೇ ಒಳ್ಳೆಯದು: ನಿಧಾನ ಇಳಿಜಾರಿನಲ್ಲಿ, ಗಿಡದ ಸಾಲುಗಳ ನಡುವೆ, ಇಳುಕಲಿಗೆ ಅಡ್ಡಲಾಗಿ, ಒಂದೂವರೆ ಅಡಿ ಅಗಲ, ಒಂದಡಿ ಆಳ. ಕೊಚ್ಚಿಬಂದ ಮೇಲ್ಮಣ್ಣು, ತರಗು ಅದರಲ್ಲಿ ನಿಲ್ಲುತ್ತವೆ. ಮಳೆಗಾಲಕ್ಕೆ ಮುಂಚೆ ತೋಡುಗಳ ಕಸ ತೆಗೆಯಿರಿ. ಗುಡ್ಡದಲ್ಲಿ ಹೊಸ ಬಿರುಕು ಕಂಡರೆ, ಒರತೆಯ ನೀರು ಇದ್ದಕ್ಕಿದ್ದಂತೆ ಕೆಂಪಾದರೆ ಮನೆಮಂದಿ ಅಲ್ಲಿ ನಿಲ್ಲಬಾರದೆಂದು ಮಕ್ಕಳಿಗೂ ಗೊತ್ತಿರಲಿ.

ಈಗ ನಿಮ್ಮ ಅತ್ತೆಯವರ ಮಾತು. 'ನಾವು ಮೊದಲಿನಿಂದ ಹೀಗೇ ಬದುಕಿದವರು.' ನಿಜ. ಬಾಳೆಲೆ, ಗೆರಸೆ, ಬೂದಿ ಹಾಕಿ ಪಾತ್ರೆ ತಿಕ್ಕುವುದು, ಮಳೆಗಾಲದಲ್ಲಿ ಕಳಲೆ, ಕೆಸ, ಅಣಬೆ ತಿನ್ನುವುದು, ಹುಳಿಗೆ ಮನೆಯಲ್ಲೇ ಕಾಸಿದ ಕಾಚಂಪುಳಿ, ಇವನ್ನೆಲ್ಲ ಅವರಿಗೆ ಯಾರೂ ಕಲಿಸಬೇಕಾಗಿಲ್ಲ. ನೀವು ಅವರಿಂದ ಕಲಿಯಬೇಕು. ಕಳಲೆಯನ್ನು ಎಷ್ಟು ದಿನ ನೀರು ಬದಲಿಸಿ ನೆನೆಸಬೇಕು ಎಂಬಲ್ಲಿಂದ ಹಿಡಿದು (ನೆನೆಸದೆ ತಿಂದರೆ ವಿಷ). ಆದರೆ ಒಂದು ವಿಷಯದಲ್ಲಿ ಕಾಲ ಬದಲಾಗಿದೆ, ಅದನ್ನು ಅವರಿಗೆ ಗೌರವದಿಂದಲೇ ಹೇಳಿ. ಅವರ ಕಾಲದಲ್ಲಿ ಮನೆಯ ಹಿಂದಿನ ಗುಂಡಿಗೆ ಏನು ಎಸೆದರೂ ಕೊಳೆಯುತ್ತಿತ್ತು. ಎಸೆಯುವ ಅಭ್ಯಾಸ ಹಾಗೇ ಉಳಿಯಿತು, ಎಸೆಯುವ ವಸ್ತು ಬೇರೆಯಾಯಿತು.

ಹಂಡೆ ಒಲೆ ಹೊತ್ತಿಸಲು ಹಾಲಿನ ಕವರ್ ಹಾಕುವುದು ನಮ್ಮ ಮನೆಯಲ್ಲೂ ವರ್ಷಗಟ್ಟಲೆ ನಡೆದಿತ್ತು. ಮಳೆಗಾಲದ ಒದ್ದೆ ಸೌದೆಗೆ ಅದು ಬೇಗ ಹಿಡಿಯುತ್ತದೆ, ನಿಜ. ಆದರೆ ತಣ್ಣನೆಯ ಒಲೆಯಲ್ಲಿ ಅರೆಬರೆ ಉರಿದ ಪ್ಲಾಸ್ಟಿಕ್ಕಿನ ಹೊಗೆ ವಿಷ. ಅದರಲ್ಲಿ ಕ್ಲೋರಿನ್ ಇರುವ ಪ್ಲಾಸ್ಟಿಕ್ ಸೇರಿದ್ದರೆ ಡಯಾಕ್ಸಿನ್ ಎಂಬ ಕಡುವಿಷ ಹುಟ್ಟುತ್ತದೆ. ಅದರ ಬೂದಿಯನ್ನು ಮತ್ತೆ ಬಸಳೆ ಬುಡಕ್ಕೆ ಹಾಕುತ್ತೇವೆ. ಇದನ್ನು ತಿಳಿದ ದಿನವೇ ನಿಲ್ಲಿಸಿದೆವು. ಈಗ ಏಪ್ರಿಲ್‌ನಲ್ಲೇ ಒಣ ತೆಂಗಿನ ಗರಿ, ಕಾಯಿಚಿಪ್ಪು, ಮರಗಸಿಯ ಸಣ್ಣ ಕೊಂಬೆಗಳನ್ನು ಕಟ್ಟು ಕಟ್ಟಿ ಸೂರಿನಡಿ ಇಡುತ್ತೇವೆ. ಕವರ್‌ಗಳನ್ನು ತೊಳೆದು, ಒಣಗಿಸಿ, ಒಂದು ಗೋಣಿಚೀಲಕ್ಕೆ ತುಂಬಿ ಪಂಚಾಯಿತಿಯ ಸ್ವಚ್ಛ ಸಂಕೀರ್ಣಕ್ಕೆ (ಒಣ ಕಸ ಸಂಗ್ರಹಿಸುವ ಜಾಗ) ತಿಂಗಳಿಗೊಮ್ಮೆ ತಲುಪಿಸುತ್ತೇವೆ. ನಿಮ್ಮ ದಾರಿಗೆ ಕಸದ ಗಾಡಿ ಬಾರದಿದ್ದರೆ ನಾಲ್ಕು ಮನೆಯವರು ಸೇರಿ ಸಂತೆಯ ದಿನ ಒಂದು ಜೀಪಿನಲ್ಲಿ ಕೊಂಡೊಯ್ಯಬಹುದು. ತೊಳೆದು ಒಣಗಿಸುವ ಕೆಲಸ ಒಂದು ತಿಂಗಳು ಮಕ್ಕಳ ಪಾಲಿಗಿರಲಿ. ಆಮೇಲೆ ಅಂಗಡಿಯಲ್ಲಿ ಚಿಪ್ಸ್ ಪ್ಯಾಕೆಟ್ ಬೇಡ ಎನ್ನುವವರು ಅವರೇ ಆಗಬಹುದು. ನಮ್ಮ ಮನೆಯಲ್ಲಿ ಹಾಗಾಯಿತು.

ಕಾಂಪೋಸ್ಟ್ ಡಬ್ಬ ನಾರಿದ್ದು ನಿಮ್ಮ ತಪ್ಪಲ್ಲ. ಅದು ಬೆಂಗಳೂರಿನ ತಾರಸಿಗೆ ಮಾಡಿದ್ದು. ತಿಂಗಳುಗಟ್ಟಲೆ ಬಿಸಿಲು ಕಾಣದ ಮಳೆಗಾಲದಲ್ಲಿ ಅಡುಗೆಮನೆಯ ಹಸಿ ಕಸಕ್ಕೆ ಒಣ ವಸ್ತು ಸಾಲದೆ ಗಾಳಿ ನಿಂತು ಕೊಳೆಯುತ್ತದೆ. ಉಪಾಯ ಬೇಸಿಗೆಯಲ್ಲೇ ಆಗಬೇಕು. ಅಂಗಳ ಗುಡಿಸಿದ ತರಗನ್ನು ಮಾರ್ಚ್, ಏಪ್ರಿಲ್‌ನಲ್ಲಿ ಹತ್ತು ಗೋಣಿಚೀಲ ತುಂಬಿಡಿ (ತೋಟದೊಳಗಿನ ತರಗು ಮುಟ್ಟಬೇಡಿ, ಅದು ನೆಲದ ಹೊದಿಕೆ). ಮಿಲ್ಲಿನಿಂದ ಕಾಫಿ ಸಿಪ್ಪೆ ಸಿಕ್ಕರೆ ಇನ್ನೂ ಒಳ್ಳೆಯದು. ಕೊಟ್ಟಿಗೆಯ ಸೂರಿನಡಿ ಇಟ್ಟಿಗೆಗಳ ಮಧ್ಯೆ ಸಂದು ಬಿಟ್ಟು ಒಂದು ಗೂಡು ಕಟ್ಟಿ, ಒಂದು ಪಾಲು ಹಸಿಗೆ ಎರಡು ಪಾಲು ಒಣ ತರಗು, ನಡುನಡುವೆ ಸ್ವಲ್ಪ ಸಗಣಿ. ಗುಂಡಿ ಬೇಡ, ಮಳೆಗಾಲದಲ್ಲಿ ಅದು ಬಾವಿಯಾಗುತ್ತದೆ. ಬಚ್ಚಲ ನೀರು ಬಾಳೆಗೆ, ಕೆಸಕ್ಕೆ ಹೋಗಲಿ. ಶೌಚದ ಗುಂಡಿ ಬಾವಿಗಿಂತ ತಗ್ಗಿನಲ್ಲಿ, ಕನಿಷ್ಠ 50 ಅಡಿ ದೂರದಲ್ಲಿದೆಯೇ ನೋಡಿಕೊಳ್ಳಿ. ಮಗಳು ದೊಡ್ಡವಳಾಗುವ ಹೊತ್ತಿಗೆ ಬಟ್ಟೆಯ ಪ್ಯಾಡ್, ಮುಟ್ಟಿನ ಕಪ್‌ಗಳ ಬಗ್ಗೆಯೂ ಮುಜುಗರವಿಲ್ಲದೆ ಮಾತಾಡಿ. ತೋಟದ ಮೂಲೆಯಲ್ಲಿ ಹೂತ ಪ್ಯಾಡು ಕೊಳೆಯುವುದಿಲ್ಲ.

ಕಳೆನಾಶಕ ಹೊಡೆಯುತ್ತಿದ್ದರೆ ಈ ವರ್ಷ ತೋಡಿನ ಎರಡೂ ಬದಿಯಲ್ಲಾದರೂ ನಿಲ್ಲಿಸಿ, ಮಿಷನ್ನಿನಲ್ಲಿ ಕತ್ತರಿಸಿ ಅಲ್ಲೇ ಬಿಡಿ. ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಇಟ್ಟಿದ್ದರೆ ತೊಳೆದ ನೀರನ್ನು ತೋಡಿಗೆ ಬಿಡಬೇಡಿ. ಹಣ್ಣಿನ ಸಿಹಿ ಅಂಟು ನೀರಿನಲ್ಲಿ ಹುಳಿತು, ಮೀನು, ಏಡಿಗೆ ಬೇಕಾದ ಆಮ್ಲಜನಕವನ್ನೆಲ್ಲ ತಿನ್ನುತ್ತದೆ. ನಿಮ್ಮದು ರೋಬಸ್ಟಾ, ಬಹುಶಃ ಹಣ್ಣನ್ನು ಹಾಗೇ ಕಣದಲ್ಲಿ ಒಣಗಿಸಿ ಚೆರಿ ಮಾಡುತ್ತೀರಿ. ಹಾಗಾದರೆ ಈ ಚಿಂತೆಯಿಲ್ಲ.

ಪಾಳುಬಿದ್ದ ಗದ್ದೆಯ ಬಗ್ಗೆ ನೀವು ಅರ್ಧ ಸಾಲು ಬರೆದಿದ್ದೀರಿ. ನನಗೆ ಅದೇ ನಿಮ್ಮ ಇಡೀ ಆಸ್ತಿಯಲ್ಲಿ ಅತಿ ಬೆಲೆಬಾಳುವ ಜಾಗ. ಗದ್ದೆ ಎಂದರೆ ಅಕ್ಕಿ ಮಾತ್ರವಲ್ಲ, ಮಳೆಗಾಲದ ನೀರನ್ನು ಬದುಗಳ ನಡುವೆ ನಿಲ್ಲಿಸಿ ನೆಲಕ್ಕೆ ಇಳಿಸುವ ತಟ್ಟೆ ಅದು. ಕಪ್ಪೆ, ಏಡಿ, ಬೆಳ್ಳಕ್ಕಿಗಳ ಮನೆ. ಶುಂಠಿಗೆ ಗುತ್ತಿಗೆ ಕೊಡಬೇಡಿ, ಮಣ್ಣು ತುಂಬಿಸಬೇಡಿ. ಕೂಲಿ ಸಿಗುವುದಿಲ್ಲ, ಲೆಕ್ಕ ಕೂಡುವುದಿಲ್ಲ, ಎಲ್ಲ ಒಪ್ಪುತ್ತೇನೆ. ಬದು ಸರಿಮಾಡಿ ನೀರು ನಿಲ್ಲಿಸಿದರೂ ಅರ್ಧ ಪುಣ್ಯ. ಇನ್ನರ್ಧಕ್ಕೆ ಇಪ್ಪತ್ತು ಸೆಂಟ್ (ಎಕರೆಯ ಐದನೇ ಒಂದು ಪಾಲು) ಜಾಗದಲ್ಲಿ ಮಕ್ಕಳ ಕೈಯಿಂದ ನಾಟಿ ಮಾಡಿಸಿ. ಸುಗ್ಗಿ ಹಬ್ಬವಾದ ಹುತ್ತರಿಯ ರಾತ್ರಿ 'ಪೊಲಿ ಪೊಲಿ ದೇವಾ' ಎನ್ನುತ್ತ ಕದಿರು ಕೊಯ್ಯಲು ಬೇರೆಯವರ ಗದ್ದೆಗೆ ಹೋಗುವುದು ಬೇರೆ, ತಾವು ಜುಲೈಯಲ್ಲಿ ಕೆಸರು ಮೆತ್ತಿಕೊಂಡು ನೆಟ್ಟ ಪೈರಿನ ಕದಿರು ಮನೆಗೆ ತರುವುದು ಬೇರೆ. ಹುತ್ತರಿಗೆ ಎಲೆಗಳ ಕಟ್ಟಾದ ‘ನೆರೆ’ ಕಟ್ಟಲು ಮಾವು, ಅಶ್ವತ್ಥ ಸೇರಿ ಐದು ಬಗೆಯ ಎಲೆ ಬೇಕಲ್ಲ, ಆ ಐದು ಮರಗಳನ್ನು ಮಕ್ಕಳೇ ಹುಡುಕಿ ತರಲಿ.

ಮೊಬೈಲ್ ಬಗ್ಗೆ ಕೇಳಿದ್ದೀರಿ. ಕಿತ್ತುಕೊಂಡರೆ ಹಟ, ಅಷ್ಟೇ. ಅದಕ್ಕಿಂತ ಸೆಳೆಯುವಂಥದ್ದು ಕೊಡಗಿನಲ್ಲಿ ವರ್ಷಕ್ಕೆ ಹತ್ತು ಸಲ ಬಾಗಿಲಿಗೇ ಬರುತ್ತದೆ, ಅದರ ದಿನ ತಿಳಿದಿರಬೇಕು. ಹೂ ಮಳೆ ಬಿದ್ದು ವಾರ, ಹತ್ತು ದಿನಕ್ಕೆ ತೋಟವೆಲ್ಲ ಬಿಳಿ. ಆ ಎರಡು ಮೂರು ದಿನ ಶಾಲೆಗೆ ಹೋಗುವ ಮುಂಚೆ ಐದೇ ನಿಮಿಷ ಒಂದು ಗಿಡದ ಮುಂದೆ ನಿಂತು ಜೇನು ಎಣಿಸಿ: ಹೆಜ್ಜೇನು ಎಷ್ಟು, ತುಡುವೆ ಎಷ್ಟು. ರೋಬಸ್ಟಾ ತನ್ನದೇ ಪರಾಗದಿಂದ ಕಾಯಿ ಕಟ್ಟುವುದಿಲ್ಲ, ಬೇರೆ ಗಿಡದ್ದು ಗಾಳಿಯಲ್ಲೋ ಜೇನಿನ ಕಾಲಲ್ಲೋ ಬರಬೇಕು. ಆ ವಾರ ಯಾವ ಔಷಧಿಯನ್ನೂ ಹೊಡೆಯಬಾರದೇಕೆ ಎಂದು ಮಕ್ಕಳು ತಾವೇ ಅಪ್ಪನಿಗೆ ಹೇಳುತ್ತಾರೆ. ಮುಂಗಾರಿಗೆ ಮುಂಚಿನ ರಾತ್ರಿಗಳಲ್ಲಿ ಮಿಂಚುಹುಳು, ಅಂಗಳದ ದೀಪ ಆರಿಸಿ ಜಗಲಿಯಲ್ಲೇ ಕೂತರೆ ಸಾಕು. ಚಳಿಗಾಲದಲ್ಲಿ ನವರಂಗ ಹಕ್ಕಿ. ಮಳೆಗಾಲದ ಬೆಳಗಿನಲ್ಲಿ ತೋಡಿನ ಬಳಿ ಮನುಷ್ಯರಂತೆ ಸಿಳ್ಳೆ ಹಾಕುವ ಸಿಳ್ಳಾರ ಹಕ್ಕಿ.

ಆಗಸ್ಟ್ 3ರ ಆಸುಪಾಸಿಗೆ ಕಕ್ಕಡ ಹದಿನೆಂಟು, ಅಂದರೆ ಕೊಡವರ ಕಕ್ಕಡ ತಿಂಗಳ ಹದಿನೆಂಟನೆಯ ದಿನ. ಅಂದು ಮದ್ದು ಸೊಪ್ಪಿನಲ್ಲಿ ಹದಿನೆಂಟು ಬಗೆಯ ಔಷಧಿ ಸೇರಿರುತ್ತದೆ ಎಂಬುದು ಹಿರಿಯರ ನಂಬಿಕೆ. ಸೊಪ್ಪನ್ನು ಬೇಲಿಯಿಂದ ಮಕ್ಕಳೇ ಕೊಯ್ದು ತರಲಿ. ಹಸಿರು ಎಲೆ ಕುದಿದಾಗ ನೀರು ನೇರಳೆಯಾಗುವುದನ್ನು, ಗಮ ಮನೆಯೆಲ್ಲ ಹರಡುವುದನ್ನು ಒಲೆಯ ಮುಂದೆ ನಿಂತೇ ನೋಡಬೇಕು. ಪಾಯಸ ಉಂಡ ಮರುದಿನ ಮೂತ್ರವೂ ಕೆಂಪಾದದ್ದು ಕಂಡು ನಿಮ್ಮ ಮಗ ಕೂಗಿಕೊಂಡು ಬರುತ್ತಾನೆ. ಹೆದರಬೇಡ ಎಂದು ಮೊದಲೇ ಹೇಳಿಡಿ.

ವರ್ಷಕ್ಕೊಮ್ಮೆ ಊರಿನ ದೇವರಕಾಡಿನ ಹಬ್ಬಕ್ಕೆ ತಪ್ಪದೆ ಹೋಗಿ. ಕೊಡಗಿನಲ್ಲಿ 1,200ಕ್ಕೂ ಹೆಚ್ಚು ದೇವರಕಾಡುಗಳಿವೆ. 1905ರಲ್ಲಿ ಸುಮಾರು 15,500 ಎಕರೆ ಇದ್ದ ಅವುಗಳ ವಿಸ್ತೀರ್ಣ 1985ರ ಹೊತ್ತಿಗೆ 6,300 ಎಕರೆಗೆ ಇಳಿದಿತ್ತು. ನಿಮ್ಮೂರಿನ ದೇವರಕಾಡಿನ ಗಡಿ ಎಲ್ಲಿಯವರೆಗಿತ್ತು, ಈಗ ಎಲ್ಲಿಗೆ ಬಂದಿದೆ ಎಂದು ಅತ್ತೆಯವರನ್ನು ಕೇಳಿ. ಮಗಳ ನಕ್ಷೆಯಲ್ಲಿ ಅದನ್ನೂ ಗುರುತಿಸಿ. ಚಪ್ಪಲಿ ಬಿಟ್ಟು ಒಳಗೆ ಹೋದಾಗ ಕಾಲಡಿಯ ನೆಲ ಎಷ್ಟು ಮೆತ್ತಗಿದೆ, ನಿಮ್ಮ ತೋಟದ ನೆಲ ಎಷ್ಟು ಗಟ್ಟಿಯಿದೆ, ಹೋಲಿಸಿ ನೋಡಲಿ.

ಇದೆಲ್ಲವನ್ನೂ ಈ ವರ್ಷವೇ ಮಾಡಲು ಹೊರಡಬೇಡಿ. ಈಗ ಫೆಬ್ರವರಿ, ಕಣದಲ್ಲಿ ಕಾಫಿ ಇದೆ, ಯಾರಿಗೂ ಬಿಡುವಿಲ್ಲ. ಹಾಲಿನ ಕವರ್ ಒಲೆಗೆ ಹಾಕುವುದನ್ನು ಇಂದು ನಿಲ್ಲಿಸಿ. ಭಾನುವಾರ ಅಟ್ಟ ಹತ್ತಿ ಮಾವನವರ ಮಳೆ ಪುಸ್ತಕ ಹುಡುಕಿ. ಸಿಕ್ಕಿದರೆ, ಮಗಳು ಹುಟ್ಟಿದ ತಿಂಗಳಿನಲ್ಲಿ ಎಷ್ಟು ಮಳೆ ಬಿದ್ದಿತ್ತು ಎಂದು ಅವಳಿಗೆ ಓದಿ ಹೇಳಿ. ಸಿಗದಿದ್ದರೆ ಹೊಸ ನೋಟ್‌ಬುಕ್ಕೊಂದನ್ನು ತಂದು ಅಂಗಳದಲ್ಲಿ ಡಬ್ಬ ಇಡಿ. ಹೂ ಮಳೆ ಯಾವ ರಾತ್ರಿಯಾದರೂ ಬರಬಹುದು.